ನೆರಳಲ್ಲಿ ಕೂತ ಸಭೆ

ಅಷ್ಟೂ ಅನಾಹುತಕ್ಕೆ ಕಾರಣ ಒಂದು ಇಸ್ತ್ರಿಪೆಟ್ಟಿಗೆ. ಅದನ್ನು ದೂರಿ ಪ್ರಯೋಜನವಿಲ್ಲ, ಅದು ತನ್ನ ಪಾಡಿಗೆ ತಾನು ಕಾದಿತ್ತು. ಅಂಗಿಯ ಬೆನ್ನ ಮೇಲೆ ಅದನ್ನು ಕೂರಿಸಿ, ಫೋನಿನಲ್ಲಿ ಹೆಂಡತಿಯ ಜೊತೆ ಮಾತಿಗೆ ನಿಂತವನದೇ ತಪ್ಪು. ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಅಂಗಿ ಹೋಗಿತ್ತು. ಇನ್ನೊಂದು ಅಂಗಿ ಹುಡುಕಿ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಕಂಪನಿಯ ಜೀಪೂ ಹೋಗಿತ್ತು.

ಆತ ಗಾಳಿಯಿಂದ ವಿದ್ಯುತ್ ತೆಗೆಯುವ ಕಂಪನಿಯೊಂದರಲ್ಲಿ ಸಮುದಾಯ ಸಂಪರ್ಕಾಧಿಕಾರಿ. ಗುಡ್ಡದ ಮೇಲೆ ಯಂತ್ರ ಹಾಕಿದ ಮೇಲೆ ಗುಡ್ಡದ ಕೆಳಗಿನ ಊರಿನವರನ್ನು ಆಗಾಗ ಮಾತಾಡಿಸುತ್ತಿರಬೇಕು, ಅದೇ ಉದ್ಯೋಗ. ಅಷ್ಟುದ್ದದ ಹುದ್ದೆಯನ್ನು ಬಾಯಲ್ಲಿ ಹಿಡಿಸಲಾರದೆ ಊರಿನವರು ಅವನನ್ನು ಸಂಪರ್ಕಣ್ಣ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಬೆಳಗಿನ ಜೀಪಿನಲ್ಲಿ ಹೋಗಿ ನಾಲ್ಕು ಜನಕ್ಕೆ ನಮಸ್ಕಾರ ಹೇಳಿ, ಬಿಸಿಲೇರುವ ಮೊದಲು ಪೇಟೆಯ ತನ್ನ ಬಾಡಿಗೆ ಕೋಣೆ ಸೇರಿಕೊಳ್ಳುತ್ತಿದ್ದ. ಆ ಊರಿನ ಸಂಜೆಯನ್ನು ಆತ ನೋಡಿರಲೇ ಇಲ್ಲ.

ಈ ದಿನ ಮಾತ್ರ ಎಲ್ಲ ದಿನಗಳಂತಲ್ಲ. ಕಂಪನಿಗೆ ಬಂಡವಾಳ ಕೊಟ್ಟ ಸಂಸ್ಥೆಯಿಂದ ಒಬ್ಬ ಪರಿಶೀಲಕಿ ಬರುವವರಿದ್ದರು. ಯಂತ್ರ ಹಾಕುವಾಗ ಊರಿನವರನ್ನು ಕೇಳಿದ್ದರೇ, ಅವರ ಹಕ್ಕುಗಳಿಗೆ ಧಕ್ಕೆಯಾಗಿದೆಯೇ ಎಂದು ಜನರ ಬಾಯಿಂದಲೇ ಕೇಳಿ ತಿಳಿಯುವುದು ಅವರ ಕೆಲಸ. "ಜನ ಅವರ ಮುಂದೆ ನೆಟ್ಟಗೆ ನಾಲ್ಕು ಮಾತಾಡಿದ್ರೆ ಸಾಕು, ಮುಂದಿನ ವಾರವೇ ನಿಮ್ಮನ್ನ ನಗರದ ಕಚೇರಿಗೆ ಕರೆಸ್ಕೊಳ್ತೀನಿ" ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಸಂಪರ್ಕಣ್ಣನ ಹೆಂಡತಿ ಇದ್ದದ್ದು ನಗರದಲ್ಲಿ, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ವರ್ಷವಾಗುತ್ತ ಬಂದಿದ್ದರೂ ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದದ್ದಕ್ಕಿಂತ ಫೋನಿನ ಎರಡು ತುದಿಗಳಲ್ಲಿ ಇದ್ದದ್ದೇ ಹೆಚ್ಚು. ಅಂಗಿ ಸುಡುವಾಗ ಅವರು ಮಾತಾಡುತ್ತಿದ್ದದ್ದೂ ನಗರದಲ್ಲಿ ಹಿಡಿಯಬೇಕಾದ ಮನೆಯ ವಿಷಯವೇ.

ಜೀಪು ತಪ್ಪಿದ ಮೇಲೆ ಬೆಳಗಿನ ಸಭೆ ಆಗುವ ಹಾಗಿರಲಿಲ್ಲ. ಸಂಪರ್ಕಣ್ಣ ಪರಿಶೀಲಕಿಗೆ ಫೋನು ಮಾಡಿ, ಸಭೆಯನ್ನು ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳೋಣವೇ ಎಂದು ಕೇಳಿದ. ಅವರೂ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು, ಸಂತೋಷದಿಂದಲೇ ಒಪ್ಪಿದರು. ಆಮೇಲೆ ಊರಿನ ಕ್ಷೌರಿಕನಿಗೆ ಫೋನು ಮಾಡಿದ. ಕ್ಷೌರಿಕನಿಗೆ ಹೇಳಿದರೆ ಡಂಗುರ ಸಾರಿದ ಹಾಗೆ.

"ನಾಲ್ಕಕ್ಕಾ?" ಎಂದ ಕ್ಷೌರಿಕ. ಆ ಕಡೆ ಕಿಚಕಿಚ ಎನ್ನುತ್ತಿದ್ದ ಕತ್ತರಿಯ ಸದ್ದು ನಿಂತುಹೋಯಿತು.

"ಯಾಕೆ, ಏನಾದ್ರೂ ತೊಂದರೆನಾ?"

"ತೊಂದರೆ ಏನಿಲ್ಲ ಸಾರ್. ಬರ್ತೀವಿ. ಬಂದು ಕೂತ್ಕೊಳ್ಳೋಕೇನು."

ಸಂಪರ್ಕಣ್ಣ ಆ ಕೊನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಜನರನ್ನು ಮಾತಾಡಿಸುವುದಕ್ಕೆ ಅವನಿಗೆ ಸಂಬಳವಿತ್ತು, ಕೇಳಿಸಿಕೊಳ್ಳುವುದಕ್ಕೆ ಬೇರೆ ಭತ್ಯೆ ಏನೂ ಇರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ, ಸಿಕ್ಕ ಲಾರಿಯೊಂದನ್ನು ಹತ್ತಿ ಊರಿಗೆ ಬಂದಿಳಿದಾಗ ಅವನಿಗೆ ಯಾಕೋ ಹಿತವೆನಿಸಲಿಲ್ಲ. ಊರಿನ ಪಶ್ಚಿಮಕ್ಕೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬಿಳಿಯ ಗೋಪುರ, ಅದರ ತುದಿಯಲ್ಲಿ ಮೂರು ಉದ್ದನೆಯ ರೆಕ್ಕೆ. ಅದೆಲ್ಲ ದಿನವೂ ನೋಡಿದ್ದೇ. ಆದರೆ ಗುಡ್ಡದ ಕಡೆಗಿನ ಕಿಟಕಿಗಳೆಲ್ಲ ಮುಚ್ಚಿದ್ದು ಈಗ ಕಣ್ಣಿಗೆ ಬಿತ್ತು. ಕೆಲವಕ್ಕೆ ಹಲಗೆ ಹೊಡೆದಿದ್ದರು, ಕೆಲವಕ್ಕೆ ಕಂಬಳಿ ತೂಗಿಬಿಟ್ಟಿದ್ದರು, ಒಂದು ಮನೆಯವರಂತೂ ಗಾಜಿಗೆಲ್ಲ ಕಪ್ಪು ಬಣ್ಣ ಬಳಿದಿದ್ದರು. ಬೀದಿಯಲ್ಲಿ ಜನ ಗುಂಪುಗುಂಪಾಗಿ ನಿಂತು, ರೈಲು ಬಿಡುವ ಹೊತ್ತಿನಲ್ಲಿ ಮಾತಾಡುವವರಂತೆ, ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಮಾತಿನ ನಡುನಡುವೆ ಗೋಡೆಗಳ ಕಡೆ ಕಣ್ಣು ಹಾಯಿಸುತ್ತಿದ್ದರು.

ಒಂದು ಮನೆಯ ಬಾಗಿಲಲ್ಲಿ ಹೆಂಗಸೊಬ್ಬಳು ಗಂಡನಿಗೆ ಉಸಿರು ತೆಗೆದುಕೊಳ್ಳದೆ ಬೈಯುತ್ತಿದ್ದಳು. "ಸಾಕು ಬಿಡೇ, ಉಳಿದದ್ದು ಆಮೇಲೆ ಬೈ" ಎಂದ ಗಂಡ.

"ಆಮೇಲೆ ಎಲ್ಲಿ ಆಗುತ್ತೆ? ಈಗ್ಲೇ ಮುಗಿಸ್ಬಿಡ್ತೀನಿ, ನಿಂತ್ಕೋ!"

ಸಂಪರ್ಕಣ್ಣ ನಗುತ್ತಾ ಮುಂದೆ ಹೋದ. ಶಾಲೆಯ ಅಂಗಳದಲ್ಲಿ ಕುರ್ಚಿಗಳನ್ನು ಹರಡಿದ್ದರು. ಫೋಟೋದಲ್ಲಿ ಸಭೆ ತುಂಬಿದ ಹಾಗೆ ಕಾಣಬೇಕೆಂದು ಅವನೇ ನಿಂತು ಎಲ್ಲ ಕುರ್ಚಿಗಳನ್ನೂ ಒಂದಕ್ಕೊಂದು ಅಂಟಿಸಿ ಒತ್ತೊತ್ತಾಗಿ ಇಟ್ಟ. ಪರಿಶೀಲಕಿಯ ಮೇಜನ್ನು ಎದುರಿಗೆ ಸ್ವಲ್ಪ ದೂರದಲ್ಲಿ ಹಾಕಿಸಿದ. ಆಮೇಲೆ ಗಲ್ಲ ಸವರಿಕೊಂಡಾಗ, ಇಸ್ತ್ರಿಯ ಗಲಾಟೆಯಲ್ಲಿ ಗಡ್ಡ ತೆಗೆಯುವುದೂ ಮರೆತುಹೋಗಿದ್ದು ಗೊತ್ತಾಯಿತು.

ಕ್ಷೌರದಂಗಡಿ ಶಾಲೆಯ ಎದುರಿಗೇ ಇತ್ತು. ಹೊಸ್ತಿಲ ಮೇಲೆ ಅಜ್ಜಿಯೊಬ್ಬಳು ಕೂತಿದ್ದಳು. ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರದ ಮನೆ ಆಕೆಯದು. ಸಂಜೆಯಾಗುತ್ತಲೇ ಮನೆ ಬಿಟ್ಟು ಇಲ್ಲಿ ಬಂದು ಕೂರುವುದು ಆಕೆಗೆ ರೂಢಿ.

ಕ್ಷೌರಿಕ ಸಂಪರ್ಕಣ್ಣನ ಕೊರಳಿಗೆ ಬಟ್ಟೆ ಕಟ್ಟಿ, ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿ ಮಸೆಯುತ್ತಲೇ ಮಾತು ಶುರು ಮಾಡಿದ. "ನಿಮಗಿಂತ ಮುಂಚೆ ಇದ್ದ ಸಾಹೇಬ್ರು ತುಂಬ ಒಳ್ಳೇವ್ರು ಸಾರ್. ಒಂದೇ ಒಂದು ದಿನ ಸಂಜೆ ತನಕ ಊರಲ್ಲಿ ಉಳ್ಕೊಂಡ್ರು. ಮಾರನೇ ದಿನದಿಂದ ಬರ್ಲೇ ಇಲ್ಲ."

"ಯಾಕೆ? ಏನಾಯ್ತು?"

"ಅದನ್ನೇ ಹೇಳ್ತಿದ್ದೀನಿ." ಕ್ಷೌರಿಕ ಅವನ ಗದ್ದವನ್ನು ಮೇಲೆತ್ತಿ ಕತ್ತಿಯನ್ನು ಗಂಟಲಿಗೆ ತಂದ. "ಅವತ್ತು ಇದೇ ಕುರ್ಚಿ ಮೇಲೆ ಕೂತಿದ್ರು. ಇದೇ ಹೊತ್ತು. ಆಗ—"

ಅಂಗಡಿ ಒಮ್ಮೆ ಕತ್ತಲಾಯಿತು. ಕತ್ತಿ ಗಂಟಲ ಮೇಲೆ ನಿಂತುಬಿಟ್ಟಿತು. ಸಂಪರ್ಕಣ್ಣ ಕಣ್ಣುಗುಡ್ಡೆಗಳನ್ನು ಮಾತ್ರ ಮೆಲ್ಲನೆ ಹೊರಳಿಸಿ ಕನ್ನಡಿ ನೋಡಿದ. ಕ್ಷೌರಿಕನ ಬಾಯಿ ಅರ್ಧ ತೆರೆದಿತ್ತು, ಕಣ್ಣಿನ ರೆಪ್ಪೆ ಅಲುಗುತ್ತಿರಲಿಲ್ಲ. ಕನ್ನಡಿಯಲ್ಲಿ ಬೀದಿಯೂ ಕಾಣುತ್ತಿತ್ತು. ಕೊಡ ಹೊತ್ತ ಹೆಂಗಸು ಇಟ್ಟ ಹೆಜ್ಜೆಯಲ್ಲೇ ನಿಂತಿದ್ದಳು, ಬೈಯುತ್ತಿದ್ದ ಹೆಂಡತಿಯ ಕೈ ಗಂಡನ ಮೂಗಿನ ನೇರಕ್ಕೆ ನಿಂತಿತ್ತು. ಬೊಗಳುತ್ತಿದ್ದ ನಾಯಿ ಕೂಡ ಬಾಯಿ ತೆರೆದುಕೊಂಡೇ ಸುಮ್ಮನಾಗಿತ್ತು. ಅಷ್ಟು ಜನರಿದ್ದ ಬೀದಿಯಲ್ಲಿ ಗುಡ್ಡದಿಂದ ಬರುತ್ತಿದ್ದ ಹುಶ್ಶೆಂಬ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಬೆಳಕು ಬಂತು.

"—ಅವರಿಗೆ ಕೆಮ್ಮು ಬಂತು" ಎಂದ ಕ್ಷೌರಿಕ, ಕತ್ತಿ ಎಳೆದು. "ಕೆಮ್ಮಿದಾಗ ಕತ್ತಿ ತಾಗದೆ ಇರುತ್ತಾ ಸಾರ್? ಚೂರು ರಕ್ತ ಬಂತು ಅಷ್ಟೇ. ಅದಕ್ಕೆ ಅವರು ಅರ್ಧ ಗಡ್ಡದಲ್ಲೇ ಎದ್ದು—"

ಮತ್ತೆ ಕತ್ತಲು, ಮತ್ತೆ ಕತ್ತಿ ನಿಂತಿತು. ಸಂಪರ್ಕಣ್ಣನಿಗೆ ಜೀವ ಬಾಯಿಗೆ ಬಂತು. "ಏನಯ್ಯಾ ಇದು!" ಎಂದು ತುಟಿ ಅಲುಗಿಸದೆ ಕೇಳಿದ.

ಕನ್ನಡಿಯಲ್ಲಿ ಕ್ಷೌರಿಕನ ಕಣ್ಣುಗಳು ಗಾಬರಿಯಿಂದ ಅಗಲವಾದವು. ಬೆಳಕು ಬಂದದ್ದೇ ತಡ, ಅವನು ಪಿಸುಗುಟ್ಟಿದ: "ಅಯ್ಯೋ ಸಾರ್! ನೆರಳಲ್ಲಿ ಅಲುಗಾಡ್ಬಾರ್ದು, ಮಾತಾಡ್ಬಾರ್ದು! ಮಾತು ಕತ್ತರಿಸಿ ಹೋಗುತ್ತೆ!"

ಆಗ ಸಂಪರ್ಕಣ್ಣನಿಗೆ ವಿಷಯ ಹೊಳೆಯಿತು. ಮಧ್ಯಾಹ್ನ ಇಳಿದ ಮೇಲೆ ಸೂರ್ಯ ಯಂತ್ರದ ಹಿಂದಕ್ಕೆ ಹೋಗುತ್ತಾನೆ. ತಿರುಗುವ ರೆಕ್ಕೆಗಳ ನೆರಳು ಒಂದಾದ ಮೇಲೊಂದು ಊರಿನ ಮೇಲೆ ಹಾದುಹೋಗುತ್ತದೆ. ಸಂಜೆಯ ಗಾಳಿ ಇಲ್ಲಿ ನಿಧಾನ, ಹಾಗಾಗಿ ನೆರಳೂ ನಿಧಾನ. ಒಂದು ನೆರಳಿಗೂ ಇನ್ನೊಂದಕ್ಕೂ ನಡುವೆ ಒಂದು ಸಣ್ಣ ವಾಕ್ಯ ಹಿಡಿಸುವಷ್ಟು ಬೆಳಕು, ಅಷ್ಟೇ.

"ನೆರಳು ಬಂದ್ರೆ ಬರ್ಲಿ, ಅದಕ್ಕೆ ಮಾತ್ಯಾಕೆ ನಿಲ್ಲಿಸ್ಬೇಕು?"

ಉತ್ತರ ಕೊಟ್ಟದ್ದು ಹೊಸ್ತಿಲ ಮೇಲಿನ ಅಜ್ಜಿ. "ನಮ್ಮನೆಯವ್ರು ಹೋಗಿದ್ದೇ ಹಾಗಲ್ವೇನಪ್ಪ." ನೆರಳು ಬಂತು, ಹೋಯಿತು. "ಈ ಯಂತ್ರ ತಿರುಗೋಕೆ ಶುರುವಾದ ವರ್ಷ. ಸಂಜೆ ಜಗಲಿ ಮೇಲೆ ಕೂತಿದ್ರು." ನೆರಳು. "ನೋಡೇ, ನಿನಗೊಂದು ಮಾತು ಹೇಳ್ಬೇಕು ಅಂದ್ರು. ಇಷ್ಟು ವರ್ಷ ಹೇಳಿರ್ಲಿಲ್ಲ ಅಂದ್ರು." ನೆರಳು. "ಏನು ಅಂದೆ ನಾನು. ಏನಂದ್ರೆ ಅಂದ್ರು."

ಮತ್ತೆ ನೆರಳು. ಅಜ್ಜಿ ಕದಲದೆ ಕೂತಳು. ಸಂಪರ್ಕಣ್ಣ ಕಾದ. ಬೆಳಕು ಬಂದ ಮೇಲೂ ಅಜ್ಜಿ ಮಾತಾಡಲಿಲ್ಲ.

"ಆಮೇಲೆ, ಅಜ್ಜಿ?"

"ಆಮೇಲೆ ಏನು? ನೆರಳು ಹೋಯ್ತು, ಅವರೂ ಹೋದ್ರು."

ಸಂಪರ್ಕಣ್ಣನ ಅರ್ಧ ಗಲ್ಲದ ಮೇಲೆ ನೊರೆ ಒಣಗುತ್ತಿತ್ತು.

"ಡಾಕ್ಟ್ರು ಹೃದಯ ನಿಂತಿತು ಅಂದ್ರು ಸಾರ್" ಎಂದ ಕ್ಷೌರಿಕ. "ಅವರಿಗೇನು ಗೊತ್ತು, ಪಾಪ. ಬಂಗಾರ ಹೂತಿಟ್ಟ ಜಾಗ ಹೇಳೋಕೆ ಹೊರಟಿದ್ರು ಅಂತ ನನ್ನ ಲೆಕ್ಕ. ಪಕ್ಕದೂರಲ್ಲಿ ಇನ್ನೊಂದು ಸಂಸಾರ ಇತ್ತು ಅಂತ ನಮ್ಮೋಳ ಲೆಕ್ಕ."

"ಬಾಯ್ಮುಚ್ಚೋ ನಿಂದು!" ಅಜ್ಜಿ ಗದರಿದಳು. ಆಮೇಲೆ ಸಂಪರ್ಕಣ್ಣನ ಕಡೆ ತಿರುಗಿ ಮೆಲ್ಲನೆ ಹೇಳಿದಳು. "ಅಡುಗೆಗೆ ಉಪ್ಪು ಜಾಸ್ತಿ ಹಾಕ್ತೀಯ ಅನ್ನೋಕೇ ಬಂದಿರ್ತಾರೆ ಕಣಪ್ಪ. ಆದ್ರೂ ಕೇಳ್ಬೇಕಿತ್ತು."

ಸಂಪರ್ಕಣ್ಣನಿಗೆ ಆಕೆಯ ಬಗ್ಗೆ ನಿಜವಾಗಿ ಮರುಕ ಹುಟ್ಟಿತು. ಅದರ ಹಿಂದೆಯೇ ತನ್ನ ಬಗ್ಗೆ ಅದಕ್ಕಿಂತ ಹೆಚ್ಚಿನ ಮರುಕ ಹುಟ್ಟಿತು. ಇನ್ನೇನು ಪರಿಶೀಲಕಿ ಬರುತ್ತಾರೆ. ಇಡೀ ಊರು ಅವರೆದುರು ಹೀಗೆ ನಿಂತು ನಿಂತು ಹೊರಟರೆ ಗತಿ ಏನು? ನಗರದ ಮನೆ, ಹೆಂಡತಿಯ ಮುಖ, ಇಬ್ಬರೂ ಆರಿಸಿಟ್ಟಿದ್ದ ಕಿಟಕಿ ಪರದೆಯ ಬಣ್ಣ, ಎಲ್ಲ ಕಣ್ಣ ಮುಂದೆ ಬಂದವು.

ನೊರೆ ಒರೆಸಿಕೊಂಡು ಹೊರಗೆ ಬಂದವನೇ ಗೋಪುರದ ಬುಡದಲ್ಲಿ ಕಾವಲಿದ್ದ ಮೆಕ್ಯಾನಿಕ್‌ಗೆ ಫೋನು ಮಾಡಿದ. "ಯಂತ್ರ ನಿಲ್ಲಿಸು."

"ನಿಲ್ಲಿಸೋದು ಒಂದು ಗುಂಡಿ ಕೆಲಸ ಸಾರ್. ಆದ್ರೆ ನಿಲ್ಸಿದ್ಮೇಲೆ ಮತ್ತೆ ಬಿಡೋಕೆ ಮ್ಯಾನೇಜರೇ ಹೇಳ್ಬೇಕು."

"ನಾಳೆ ಹೇಳಿಸ್ತೀನಿ. ಹೊಣೆ ನಂದು. ನಿಲ್ಲಿಸಯ್ಯಾ ಮಾರಾಯ!"

ರೆಕ್ಕೆಗಳು ತಿರುಗುವುದನ್ನು ಕಡಿಮೆ ಮಾಡುತ್ತಾ ಮಾಡುತ್ತಾ ನಿಂತವು. ಹುಶ್ಶೆಂಬ ಸದ್ದು ಆರಿತು. ಊರಿಗೆ ಊರೇ ತಲೆಯೆತ್ತಿ ಗುಡ್ಡದ ಕಡೆ ನೋಡಿತು. ಯಾರೋ ಚಪ್ಪಾಳೆ ತಟ್ಟಿದರು. ಬೈಯುತ್ತಿದ್ದ ಹೆಂಗಸು, ಸಮಯ ಬೇಕಾದಷ್ಟಿದೆ ಎಂದು ಗೊತ್ತಾದ ಮೇಲೆ, ಬೈಯುವುದನ್ನೇ ಬಿಟ್ಟು ಗಂಡನ ಪಕ್ಕದಲ್ಲಿ ಕೂತಳು. ಜನ ನಗುನಗುತ್ತಾ ಶಾಲೆಯ ಅಂಗಳಕ್ಕೆ ಬಂದು ಕುರ್ಚಿಗಳನ್ನು ತುಂಬಿದರು. "ಇವತ್ತು ಸರಿಯಾಗಿ ಮಾತಾಡ್ತೀವಿ ಸಂಪರ್ಕಣ್ಣ, ನೋಡ್ತಿರಿ!" ಎಂದ ಕ್ಷೌರಿಕ, ಮುಂದಿನ ಸಾಲಿನಲ್ಲಿ ಕೂತು. ಅಜ್ಜಿ ಅವನ ಪಕ್ಕದಲ್ಲಿ ಕೂತಳು. ಸಂಪರ್ಕಣ್ಣ ಆಗಲೇ ಮನಸ್ಸಿನಲ್ಲಿ ಪೆಟ್ಟಿಗೆ ಕಟ್ಟತೊಡಗಿದ್ದ.

ಪರಿಶೀಲಕಿ ಸಮಯಕ್ಕೆ ಸರಿಯಾಗಿ ಕಾರಿನಿಂದಿಳಿದರು. ನರೆತ ಕೂದಲಿನ, ಮೆಲು ದನಿಯ ಹೆಂಗಸು. ಮೇಜಿನ ಹಿಂದೆ ಕೂರದೆ ಜನರ ಎದುರಿಗೇ ನಿಂತರು. "ನಾನು ಇಲ್ಲಿಗೆ ಮಾತಾಡೋಕೆ ಬಂದಿಲ್ಲ, ನಿಮ್ಮ ಮಾತು ಕೇಳೋಕೆ ಬಂದಿದ್ದೀನಿ" ಎಂದು ಶುರು ಮಾಡಿದರು. ತಾವು ಯಾಕೆ ಕೇಳಲು ಬಂದದ್ದು, ಕೇಳುವುದು ಯಾಕೆ ಮುಖ್ಯ, ಕೇಳದೆ ಹೋದದ್ದರಿಂದ ಎಲ್ಲೆಲ್ಲಿ ಏನೇನಾಯಿತು, ನೆಲದ ಮೇಲೆ, ಗಾಳಿಯ ಮೇಲೆ, ಬೆಳಕಿನ ಮೇಲೆ ಜನರಿಗಿರುವ ಹಕ್ಕು ಎಂಥದ್ದು, ಎಲ್ಲವನ್ನೂ ವಿವರಿಸಿದರು. ಒಂದೊಂದು ಮಾತೂ ಮನಸ್ಸಿನಿಂದ ಬಂದದ್ದೇ, ಒಂದರಲ್ಲೂ ತಪ್ಪಿರಲಿಲ್ಲ. ಜನ ತಲೆದೂಗಿದರು. ಕ್ಷೌರಿಕ ಮಾತಾಡಲು ಎರಡು ಸಲ ಬಾಯಿ ತೆರೆದ. ಅವರು "ಒಂದೇ ನಿಮಿಷ" ಎಂದು ನಕ್ಕು ಮುಂದುವರಿಸಿದರು.

ಸಂಪರ್ಕಣ್ಣ ಮೇಜಿನ ಪಕ್ಕದಲ್ಲಿ ನಿಂತು ಸುಖವಾಗಿ ಆಕಳಿಸಿದ. ಆಕಳಿಕೆ ಅರ್ಧಕ್ಕೇ ನಿಂತಿತು.

ರೆಕ್ಕೆ ನಿಂತಿತ್ತು ನಿಜ. ಆದರೆ ಸೂರ್ಯ ನಿಂತಿರಲಿಲ್ಲ. ನಿಂತ ರೆಕ್ಕೆಯ ಉದ್ದನೆಯ ನೆರಳು ಅಂಗಳದ ಬೇಲಿ ದಾಟಿ ಒಳಗೆ ಬಂದಿತ್ತು. ಮೊದಲು ಹಿಂದಿನ ಸಾಲಿನವರ ಬೆನ್ನಿಗೆ ತಾಗಿತು. ಅಲ್ಲಿ ಪಿಸುಪಿಸು ಮಾತಾಡುತ್ತಿದ್ದವರು ಸುಮ್ಮನಾದರು. ಆಮೇಲೆ ಅದರ ಮುಂದಿನ ಸಾಲು. ಬೀಸಣಿಗೆ ಆಡಿಸುತ್ತಿದ್ದ ಕೈಯೊಂದು ಹಾಗೇ ನಿಂತಿತು. ನೆರಳು ಯಾವ ಅವಸರವೂ ಇಲ್ಲದೆ ಒಂದೊಂದೇ ಕುರ್ಚಿಯನ್ನು ಮುಚ್ಚುತ್ತಾ, ಒಂದೊಂದೇ ಬಾಯಿಯನ್ನು ಆರಿಸುತ್ತಾ ಮುಂದಕ್ಕೆ ಬಂತು. ಹಾದುಹೋಗುವ ನೆರಳಿಗೆ ಉಸಿರು ಹಿಡಿದು ಕಾಯುವುದು ಅವರಿಗೆ ಗೊತ್ತಿತ್ತು. ಬಂದು ಕೂತೇಬಿಡುವ ನೆರಳಿನಿಂದ ಎದ್ದುಹೋಗುವುದು ಅವರಿಗೆ ರೂಢಿಯಲ್ಲೇ ಇರಲಿಲ್ಲ. ಫೋಟೋಗೆಂದು ಒತ್ತೊತ್ತಾಗಿ ಇಟ್ಟಿದ್ದ ಕುರ್ಚಿಗಳಲ್ಲಿ ಒಂದಾದರೂ ಬಿಸಿಲಲ್ಲಿ ಉಳಿಯಲಿಲ್ಲ.

"ನನ್ನ ಮಾತು ಮುಗೀತು" ಎಂದರು ಪರಿಶೀಲಕಿ. "ಇನ್ನು ನೀವು ಹೇಳಿ. ಈ ಯಂತ್ರದಿಂದ ನಿಮಗೇನಾದ್ರೂ ಕಷ್ಟ ಇದೆಯಾ?"

ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ.

"ಯಾರಾದ್ರೂ ಒಬ್ಬರು ಶುರು ಮಾಡಿ. ನೀವು, ಆಗಲೇ ಏನೋ ಹೇಳೋಕೆ ಹೊರಟಿದ್ರಲ್ಲ?"

ಕ್ಷೌರಿಕ ಬಾಯಿ ಅರ್ಧ ತೆರೆದುಕೊಂಡೇ ಅವರನ್ನು ನೋಡಿದ. ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಪರಿಶೀಲಕಿ ಅಜ್ಜಿಯ ಮುಂದೆ ಬಗ್ಗಿ ಆಕೆಯ ಕೈ ಹಿಡಿದುಕೊಂಡರು. "ಅಮ್ಮ, ನಿಮಗೇನು ಅನ್ನಿಸುತ್ತೆ? ಹೆದರಬೇಡಿ." ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು, ತುಟಿ ಮಾತ್ರ ಬಿಚ್ಚಲಿಲ್ಲ. ಪರಿಶೀಲಕಿ ನಿಧಾನವಾಗಿ ಎದ್ದು ನಿಂತರು. ಅವರ ಮುಖದ ಬಣ್ಣವೇ ಬದಲಾಗಿತ್ತು.

"ಇವರಿಗೆ ಏನು ಮಾಡಿದ್ದೀರಿ ನೀವು?" ಎಂದು ಸಂಪರ್ಕಣ್ಣನನ್ನು ಕೇಳಿದರು.

"ಏನೂ ಮಾಡಿಲ್ಲ ಮೇಡಂ! ಅದು, ನೆರಳು!"

"ಯಾರ ನೆರಳು?"

"ರೆಕ್ಕೆದು ಮೇಡಂ. ನೆರಳಲ್ಲಿ ಇವರು ಮಾತಾಡಲ್ಲ."

"ಇಷ್ಟು ಜನ ಒಂದು ನೆರಳಿಗೆ ಹೆದರಿ ಕೂತಿದ್ದಾರೆ ಅಂತ ನನಗೆ ಹೇಳ್ತಿದ್ದೀರಾ? ಊರಿನವರು ಅಂದ್ರೆ ನಿಮ್ಮ ಲೆಕ್ಕದಲ್ಲಿ ಇಷ್ಟೇನಾ?" ಪರಿಶೀಲಕಿ ಗುಡ್ಡದ ಕಡೆ ನೋಡಿದರು. "ಯಂತ್ರ ಯಾಕೆ ನಿಂತಿದೆ?"

"ನಾನೇ ನಿಲ್ಲಿಸಿದೆ."

"ಯಾಕೆ?"

"ನೀವು ನೋಡ್ಬಾರ್ದು ಅಂತ" ಎಂದುಬಿಟ್ಟ ಸಂಪರ್ಕಣ್ಣ. ಆ ದಿನ ಅವನ ಬಾಯಿಂದ ಬಂದ ಮಾತುಗಳಲ್ಲಿ ಅಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ.

ಪರಿಶೀಲಕಿಯ ಹುಬ್ಬು ಮೇಲೇರಿದ್ದನ್ನು ನೋಡಿ ಅವನಿಗೆ ದಿಕ್ಕು ತೋಚದಂತಾಯಿತು. ಒಬ್ಬನನ್ನಾದರೂ ಬಿಸಿಲಿಗೆ ಎಳೆದು ತಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಓಡಿಹೋಗಿ ಕ್ಷೌರಿಕನ ಕುರ್ಚಿಗೆ ಕೈ ಹಾಕಿ ಎಳೆದ. ಕುರ್ಚಿ ಪಕ್ಕದ ಕುರ್ಚಿಗೆ ಸಿಕ್ಕಿಕೊಂಡಿತು. ಜೋರಾಗಿ ಜಗ್ಗಿದ. ಕ್ಷೌರಿಕ, ಕೂತ ಭಂಗಿಯಲ್ಲೇ, ಕೈಕಾಲು ಬಿಡಿಸದೆ, ಗೋಣಿಚೀಲದಂತೆ ನೆಲಕ್ಕೆ ಉರುಳಿದ. ಉರುಳಿದ್ದೂ ನೆರಳಿನೊಳಕ್ಕೇ. ಅಲ್ಲಿ ಮಲಗಿ ಆಕಾಶ ನೋಡುತ್ತಿದ್ದನೇ ಹೊರತು ಅಯ್ಯೋ ಎನ್ನಲಿಲ್ಲ.

"ನನ್ನೆದುರಿಗೇ ಕೈ ಮಾಡ್ತೀರಾ!" ಪರಿಶೀಲಕಿ ಕಾರಿನ ಕಡೆ ಹೊರಟರು. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಕೂಗಾಡೋ ಜನರನ್ನ ನೋಡಿದ್ದೀನಿ, ಅಳೋ ಜನರನ್ನ ನೋಡಿದ್ದೀನಿ. ಬಿದ್ದರೂ ಅಯ್ಯೋ ಅನ್ನೋಕೆ ಹೆದರೋ ಜನರನ್ನ ಇವತ್ತೇ ನೋಡಿದ್ದು."

ಕಾರಿನ ಬಾಗಿಲು ದಡಾರನೆ ಮುಚ್ಚಿತು. ಸಂಪರ್ಕಣ್ಣ ಕಾರಿನ ಹಿಂದೆ ಓಡಿದ, ಕೂಗಿದ, ಕೈ ಬೀಸಿದ. ತಿರುವಿನಲ್ಲಿ ಕಾರು ಮರೆಯಾಯಿತು.

ಸೋತ ಕಾಲೆಳೆಯುತ್ತಾ ಅಂಗಳಕ್ಕೆ ಮರಳುವಷ್ಟರಲ್ಲಿ ನೆರಳು ಮುಂದೆ ಸರಿದಿತ್ತು. ಕೊನೆಯದಾಗಿ ನೆಲದ ಮೇಲಿದ್ದ ಕ್ಷೌರಿಕನ ಮುಖ ಬಿಟ್ಟು ಮೇಜಿನ ಕಾಲಿಗೆ ತಾಗಿತು. ಮರುಕ್ಷಣವೇ "ಅಯ್ಯೋ, ನನ್ನ ಸೊಂಟ!" ಎಂದು ಕ್ಷೌರಿಕ ಕಿರುಚಿದ. ಅದರ ಹಿಂದೆಯೇ ಇಡೀ ಸಭೆ ಒಟ್ಟಿಗೆ ಮಾತಾಡತೊಡಗಿತು.

"ನಮಗೆ ಯಂತ್ರದ ಮೇಲೆ ದ್ವೇಷ ಇಲ್ಲ ಮೇಡಂ!"

"ಸಂಜೆ ಹೊತ್ತು ಸ್ವಲ್ಪ ನಿಲ್ಲಿಸಿದ್ರೆ ಸಾಕು, ಉಳಿದ ಹೊತ್ತು ಎಷ್ಟು ಬೇಕಾದ್ರೂ ತಿರುಗಲಿ!"

"ಇನ್ನೊಂದು ಹಾಕೋ ಮುಂಚೆ ನಮ್ಮನ್ನ ಒಂದು ಮಾತು ಕೇಳಿ, ಅಷ್ಟೇ!"

"ಇವತ್ತು ನಿಲ್ಲಿಸಿದ್ರಲ್ಲ, ಇವರು ದೇವರಂಥ ಮನುಷ್ಯರು!" ಅದನ್ನು ಹೇಳಿದ್ದು ಅಜ್ಜಿ, ಸಂಪರ್ಕಣ್ಣನನ್ನೇ ತೋರಿಸಿ. ಹೇಳಿದ್ದು ಖಾಲಿ ಮೇಜಿಗೆ.

ಸಂಪರ್ಕಣ್ಣ ಕುರ್ಚಿಯೊಂದರಲ್ಲಿ ಕುಸಿದು ಕೂತ. ಅಷ್ಟೇನಾ? ಸಂಜೆ ಸ್ವಲ್ಪ ಹೊತ್ತು ಒಂದು ಗುಂಡಿ ಒತ್ತುವುದು, ಅಷ್ಟೇನಾ ಇವರು ಕೇಳಿದ್ದು? ಅವನಿಗೆ ಅಳು ಬಂತು, ಅದನ್ನು ಮುಚ್ಚಿಡಲೂ ಇಲ್ಲ. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ.

"ನೀವು ಬೆಳಿಗ್ಗೆ ಬರ್ತಿದ್ರಿ, ಚೆನ್ನಾಗಿದ್ದೀರಾ ಅಂತಿದ್ರಿ" ಎಂದ ಕ್ಷೌರಿಕ, ಸೊಂಟ ಹಿಡಿದುಕೊಂಡು. "ಬೆಳಿಗ್ಗೆ ನಾವು ಚೆನ್ನಾಗೇ ಇರ್ತೀವಿ ಸಾರ್."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮ್ಯಾನೇಜರು.

"ಯಾರಪ್ಪನ ಗಂಟು ಅಂತ ಯಂತ್ರ ನಿಲ್ಲಿಸಿದ್ರಿ?" ಎಂದು ಶುರುವಾದದ್ದು ಬಹಳ ಹೊತ್ತು ಮುಂದುವರಿಯಿತು. ಪರಿಶೀಲಕಿ ದಾರಿಯಲ್ಲೇ ಫೋನು ಮಾಡಿ ಎಲ್ಲ ಹೇಳಿದ್ದರು. ಅಂಥ ಭಯದ ವಾತಾವರಣ ತಾವು ಎಲ್ಲೂ ಕಂಡಿಲ್ಲ, ಬಂದು ಹೋಗುವ ಅಧಿಕಾರಿಯಿಂದ ಇದು ಸರಿಹೋಗುವುದಿಲ್ಲ, ಜನ ತಾವಾಗಿ ಬಾಯಿಬಿಡುವ ತನಕ ಕಂಪನಿಯವರೊಬ್ಬರು ಆ ಊರಲ್ಲೇ ಮನೆ ಮಾಡಿಕೊಂಡು ಜನರ ನಡುವೆ ಬದುಕಬೇಕು, ಇಲ್ಲದಿದ್ದರೆ ಬಂಡವಾಳ ವಾಪಸ್ಸು. "ಗುಡ್ಡದ ಬುಡದಲ್ಲಿ ಒಂದು ಮನೆ ಖಾಲಿ ಇದೆಯಂತೆ. ಮೂರು ವರ್ಷಕ್ಕೆ ನಿಮ್ಮ ಹೆಸರು ಹಾಕ್ತಿದ್ದೀನಿ. ಯಂತ್ರ ಬಿಡೋಕೂ ಹೇಳಿದ್ದೀನಿ."

"ಸರ್! ನಗರಕ್ಕೆ ಕರೆಸ್ಕೊಳ್ತೀನಿ ಅಂತ ಮಾತು ಕೊಟ್ಟಿದ್ರಲ್ಲ ಸರ್!"

"ಈಗ ಕಾಲ ಕೆಟ್ಟಿದೆ ಕಣ್ರೀ. ಜನರ ಹಕ್ಕು, ನೌಕರರ ಹಕ್ಕು, ಎಲ್ಲ ನೋಡ್ಬೇಕು. ಬಲವಂತ ಮಾಡಿದ್ರು ಅಂತ ನಾಳೆ ನೀವೂ ಅನ್ಬಾರ್ದು. ಅದಕ್ಕೇ ಸರಿಯಾಗಿ ಕೇಳ್ತಿದ್ದೀನಿ. ನಿಮ್ಮ ಆಕ್ಷೇಪ ಏನಾದ್ರೂ ಇದ್ರೆ ಈಗ್ಲೇ ಹೇಳಿ."

ಹೇಳುವುದಕ್ಕೆ ಬೇಕಾದಷ್ಟಿತ್ತು. ಹೆಂಡತಿಯ ವಿಷಯ ಹೇಳಬೇಕು. ಊರಿನವರು ಕೇಳಿದ್ದು ಎಷ್ಟು ಸಣ್ಣದೆಂದು ಹೇಳಬೇಕು. ಸಂಜೆ ಯಂತ್ರ ನಿಲ್ಲಿಸಿದರೆ ಇಲ್ಲಿ ಯಾರೂ ಬಂದು ಇರಬೇಕಾಗಿಯೇ ಇಲ್ಲವೆಂದು ಹೇಳಬೇಕು. ಸಂಪರ್ಕಣ್ಣ ದೊಡ್ಡದಾಗಿ ಉಸಿರೆಳೆದುಕೊಂಡ.

ಗುಡ್ಡದ ಮೇಲೆ ಏನೋ ನರಳಿದ ಸದ್ದಾಯಿತು. ಇಷ್ಟು ಹೊತ್ತು ನಿಂತಿದ್ದ ರೆಕ್ಕೆ, ಜೋಮು ಹಿಡಿದ ಕಾಲೆತ್ತುವವರಂತೆ, ಅಲುಗಿತು. ಅಂಗಳದಾಚೆಯ ಗೋಡೆಯಿಂದ ನೆರಳು ಇಳಿದು ನೆಲದ ಮೇಲೆ ತೆವಳುತ್ತಾ ಬಂತು. ಮಾತಾಡುತ್ತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಅಜ್ಜಿ ಅವನ ತೋಳು ಹಿಡಿದುಕೊಂಡಳು. ಆಕೆಯ ಬೆರಳು ತಣ್ಣಗಿತ್ತು.

ಇದೆಲ್ಲ ಮೂಢನಂಬಿಕೆ ಎಂದು ಸಂಪರ್ಕಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಓದಿದವನು ಅವನು. ಆದರೆ ಈಗ ಹೇಳಬೇಕಾಗಿದ್ದದ್ದು ಅವನ ಜೀವಮಾನದ ಮಾತು. ಅದು ನಡುವೆ ಕತ್ತರಿಸಿಹೋದರೆ? "ಏನಂದ್ರೆ" ಎಂದವನು ಅಲ್ಲಿಗೇ ನಿಂತುಹೋದರೆ ಹೆಂಡತಿಗೆ ಯಾರು ಹೇಳುತ್ತಾರೆ? ಕಾಲ ಮೇಲೆ ಬಂದ ನೆರಳು ಎದೆಗೆ ಏರಿತು. ಕ್ಷಣಮಾತ್ರದ ಕೆಲಸ, ಇದೊಂದು ಹಾದುಹೋಗಲಿ ಎಂದು ಅವನು ಬಾಯಿ ಮುಚ್ಚಿಕೊಂಡ.

ಆಗಷ್ಟೇ ಹೊರಟ ರೆಕ್ಕೆ. ಅದಕ್ಕೆ ಯಾವ ಅವಸರವೂ ಇರಲಿಲ್ಲ.

"ಹಲೋ?" ಎಂದರು ಮ್ಯಾನೇಜರು. "ಆಕ್ಷೇಪ ಇದೆಯಾ? ಹಲೋ? ಕೇಳಿಸ್ತಿದೆ ತಾನೇ, ಉಸಿರಾಡೋದು ನನಗೆ ಕೇಳಿಸ್ತಿದೆ. ಇಲ್ವಾ? ಸರಿ ಹಾಗಾದ್ರೆ. ಆಕ್ಷೇಪ ಇಲ್ಲ ಅಂತ ಬರ್ಕೊಂಡೆ."

ಬೆಳಕು ಬಂತು. "ಸರ್, ನನ್ನ ಹೆಂಡತಿ—" ಎಂದು ಸಂಪರ್ಕಣ್ಣ ಕೂಗಿದ. ಆ ಕಡೆ ಯಾರೂ ಇರಲಿಲ್ಲ. ಮತ್ತೆ ಮಾಡಿದ, ಮ್ಯಾನೇಜರು ಎತ್ತಲಿಲ್ಲ.

"ಏನಂದ್ರು?" ಎಂದು ಕೇಳಿದ ಕ್ಷೌರಿಕ.

"ಆಕ್ಷೇಪ ಇಲ್ಲ ಅಂತ ಬರ್ಕೊಂಡ್ರಂತೆ."

ಅಜ್ಜಿ ಅವನ ತೋಳು ಬಿಡದೆ, ನೆಂಟರ ಮನೆಗೆ ಹೊಸದಾಗಿ ಬಂದವರನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು. "ಯಂತ್ರ ಹಾಕೋ ಮುಂಚೆ ನಮ್ಮದೂ ಹಾಗೇ ಬರ್ಕೊಂಡು ಹೋಗಿದ್ರು ಕಣಪ್ಪ."

ಆಮೇಲೆ ನೀವೇನು ಮಾಡಿದಿರಿ ಎಂದು ಕೇಳಬೇಕೆಂದುಕೊಂಡ ಸಂಪರ್ಕಣ್ಣ. ಎರಡನೆಯ ರೆಕ್ಕೆಯ ನೆರಳು ಬೇಲಿ ದಾಟಿ ಬರುತ್ತಿತ್ತು. ಅವನು ಊರಿನವರ ಜೊತೆ ಸುಮ್ಮನೆ ನಿಂತುಕೊಂಡ.